ತಕ್ಕಡಿಗೊಂದು ತೂಕ, ಕೈಗೊಂದು ತೂಕ

ಭಾರ, ಸದ್ದು, ಬೆಳಕು ಎಷ್ಟಿವೆ ಎಂದು ಅಳೆಯುವುದು ಭೌತವಿಜ್ಞಾನದ ಕೆಲಸ. ಅವು ಎಷ್ಟು ಅನಿಸುತ್ತವೆ ಎಂದು ಕೇಳುವುದು ಮನೋವಿಜ್ಞಾನ. ಇವೆರಡನ್ನೂ ಒಂದೇ ಲೆಕ್ಕಕ್ಕೆ ತರುವ ಶಾಖೆ ಮನೋಭೌತವಿಜ್ಞಾನ.

ಬೈಲಹೊಂಗಲದ ಪೇಟೆಯಲ್ಲಿ 1 ಕಿಲೋ ಬೆಲ್ಲ ಕೈಯಲ್ಲಿ ಹಿಡಿದವರಿಗೆ ಸುಮಾರು 20 ಗ್ರಾಂ ಹೆಚ್ಚುಕಡಿಮೆಯಾದರೆ ಗೊತ್ತಾಗುತ್ತದೆ. 20 ಕಿಲೋ ಹತ್ತಿಯ ಗಂಟಿಗೆ ಅಷ್ಟೇ ಸೇರಿಸಿದರೆ ಹೊತ್ತವರಿಗೆ ಸುಳಿವೂ ಸಿಗದು. ಅಲ್ಲಿ 400 ಗ್ರಾಂನಷ್ಟಾದರೂ ಬೇಕು. ಮನಸ್ಸು ಗುರುತಿಸುವುದು ಗ್ರಾಂಗಳನ್ನಲ್ಲ, ಮೊದಲಿದ್ದುದಕ್ಕೆ ಹೋಲಿಸಿದ ಪ್ರಮಾಣವನ್ನು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ವೇಬರ್ 1834ರಲ್ಲಿ ಇದನ್ನು ಬರೆದಿಟ್ಟರು. ಅದೇ ಊರಿನ ಭೌತವಿಜ್ಞಾನಿ ಗುಸ್ತಾವ್ ಫೆಕ್ನರ್ 1860ರ ತಮ್ಮ ಗ್ರಂಥದಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟರು. ಮನಸ್ಸನ್ನು ಅಳೆಯಲಾಗದು ಎಂಬ ಹಳೆಯ ನಂಬಿಕೆ ಸಡಿಲಗೊಂಡದ್ದು ಒಬ್ಬ ಭೌತವಿಜ್ಞಾನಿಯ ಹಟದಿಂದ ಎಂಬುದು ನೆನಪಿಡಬೇಕಾದ ಮಾತು.

ಸದ್ದಿನಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗೆ ಚೌಡಿಕೆ ಎಂಬ ವಾದ್ಯ ಮೊಳಗುತ್ತದೆ. ಒಂಟಿ ತಂತಿ ಮೀಟಿದಾಗ ಅದರ ಕಂಪನ ಬುಡದ ಚರ್ಮಕ್ಕೆ ಇಳಿದು ಗಾಳಿಯನ್ನು ಅದುರಿಸುತ್ತದೆ. ಒಂದರ ಜಾಗದಲ್ಲಿ ಅಷ್ಟೇ ಜೋರಿನ 10 ಚೌಡಿಕೆ ನುಡಿದರೆ ಶಬ್ದದ ಶಕ್ತಿ 10 ಪಟ್ಟು, ಅಂದರೆ 10 ಡೆಸಿಬಲ್ ಏರುತ್ತದೆ. ಕಿವಿಗೆ ಮಾತ್ರ ಸುಮಾರು ಎರಡರಷ್ಟು ಜೋರು ಅನಿಸುತ್ತದೆ. ನಾಲ್ಕರಷ್ಟು ಅನಿಸಬೇಕಾದರೆ 100 ಚೌಡಿಕೆ ಬೇಕು! ಗುಂಡುಸೂಜಿ ಬಿದ್ದ ಸದ್ದನ್ನೂ ಗುಡುಗನ್ನೂ ಒಂದೇ ಕಿವಿ ತಾಳಿಕೊಳ್ಳುವುದರಲ್ಲಿ ಈ ಕುಗ್ಗಿಸುವ ಗುಣದ ಪಾಲು ದೊಡ್ಡದು. ಎಲ್ಲ ಅನುಭವವೂ ಹೀಗೆ ಕುಗ್ಗುವುದಿಲ್ಲ. ವಿದ್ಯುತ್ತಿನ ಆಘಾತ ಅದರ ಬಲಕ್ಕಿಂತ ವೇಗವಾಗಿ ತೀವ್ರವೆನಿಸುತ್ತದೆ ಎಂದು ಅಮೆರಿಕದ ಎಸ್.ಎಸ್. ಸ್ಟೀವನ್ಸ್ ತೋರಿಸಿ, ಫೆಕ್ನರ್ ಸೂತ್ರವನ್ನು ತಿದ್ದಿದರು.

ಬಣ್ಣದ ವಿಚಾರ ಹೆಚ್ಚು ಜಟಿಲ. ನೇಕಾರರ ಊರಾದ ರಾಮದುರ್ಗದಲ್ಲಿ ಸೀರೆ ಕೊಳ್ಳುವವರು ಅದನ್ನು ಅಂಗಡಿಯ ಬಾಗಿಲಿಗೆ ತಂದು ಬಿಸಿಲಿಗೆ ಹಿಡಿದು ನೋಡಿದರೆ ಅದಕ್ಕೆ ಕಾರಣವಿದೆ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎಲ್ಲ ತರಂಗಗಳೂ ಬಿಸಿಲಿನಲ್ಲಿರುವ ಪ್ರಮಾಣದಲ್ಲಿ ಇರುವುದಿಲ್ಲ. ಆ ಕೊರತೆಯನ್ನು ಮಿದುಳು ತಕ್ಕಮಟ್ಟಿಗೆ ತುಂಬಿಕೊಳ್ಳುತ್ತದೆ, ಪೂರ್ತಿಯಾಗಿ ಅಲ್ಲ.

ಬಣ್ಣ ನಮಗೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆ ಸಿ.ವಿ. ರಾಮನ್ ಅವರನ್ನು ಕೊನೆಯ ವರ್ಷಗಳಲ್ಲಿ ಹಿಡಿದಿಟ್ಟಿತ್ತು. ಬೆಂಗಳೂರಿನಲ್ಲಿ ಹೂಗಳ ಬಣ್ಣ ಪರೀಕ್ಷಿಸುತ್ತ, ದೃಷ್ಟಿಯ ಕುರಿತ ಗ್ರಂಥವನ್ನು 1968ರಲ್ಲಿ ಹೊರತಂದರು. ಕಣ್ಣು ಮೂರು ಮೂಲವರ್ಣಗಳ ಮೂಲಕ ಬಣ್ಣ ಗ್ರಹಿಸುತ್ತದೆ ಎಂಬ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ. ವಿಜ್ಞಾನ ಅವರ ವಾದವನ್ನು ಒಪ್ಪಲಿಲ್ಲ. ಬಣ್ಣ ಗ್ರಹಿಸುವ ಮೂರು ಬಗೆಯ ಶಂಕುಕೋಶಗಳು ಕಣ್ಣಿನಲ್ಲಿರುವುದು ಪ್ರಯೋಗಗಳಿಂದ ಖಚಿತವಾಗಿದೆ.