ಕೌದಿಗೆ ಬೇಕಾದ ಹೊತ್ತು

ತರೀಕೆರೆಯ ನಿಲ್ದಾಣದಲ್ಲಿ ಬೆಳಗಿನ ರೈಲಿಗೋ ಬಸ್ಸಿಗೋ ಕಾಯುವವರಲ್ಲಿ ಹೆಂಗಸರ ಸಂಖ್ಯೆ ಈಗ ಕಡಿಮೆಯೇನಲ್ಲ. ಒಂದು ದಿಕ್ಕಿಗೆ ಭದ್ರಾವತಿ, ಶಿವಮೊಗ್ಗ. ಇನ್ನೊಂದು ದಿಕ್ಕಿಗೆ ಬೀರೂರು, ಕಡೂರು. ಶಾಲೆ, ಬ್ಯಾಂಕು, ಆಸ್ಪತ್ರೆ, ಅಂಗಡಿ, ಗಾರ್ಮೆಂಟ್ಸು ಎಂದು ಹೊರಟವರು ಮನೆಗೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಆಮೇಲೆ ಒಲೆ, ಪಾತ್ರೆ, ಮಕ್ಕಳ ಪಾಠ. ಇಂಥ ದಿನದಲ್ಲಿ ಸೂಜಿ ದಾರ ಹಿಡಿಯಲು ಬಿಡುವೆಲ್ಲಿ? ಅಟ್ಟದ ಮೇಲೆ ಗಂಟು ಕಟ್ಟಿಟ್ಟ ಹಳೆಯ ಸೀರೆಗಳು ಕೌದಿಯಾಗದೆ ಉಳಿದಿರುವ ಮನೆಗಳಲ್ಲೆಲ್ಲ ಈ ಪ್ರಶ್ನೆ ಇದ್ದೇ ಇದೆ.

ಪ್ರಶ್ನೆ ಹೊಸದೆಂದು ತೋರುತ್ತದೆ, ನಿಜವಾಗಿ ಹೊಸದಲ್ಲ. ಕೌದಿ ಹೊಲಿದ ಅಜ್ಜಿಯಂದಿರಿಗೆ ಕೈತುಂಬ ಬಿಡುವಿತ್ತು ಎಂಬುದು ಮೊಮ್ಮಕ್ಕಳ ಕಲ್ಪನೆ. ನೀರು ಸೇದುವುದು, ರಾಗಿ ಬೀಸುವುದು, ಕೊಟ್ಟಿಗೆ, ಕಳೆ, ಕೊಯ್ಲು ಎಲ್ಲ ಅವರ ಕೈಯಲ್ಲೇ ಆಗಬೇಕಿತ್ತು. ಕೌದಿ ಹುಟ್ಟಿದ್ದು ಬಿಡುವಿನಿಂದಲ್ಲ, ಬಡತನದಿಂದ ಮತ್ತು ಚಳಿಯಿಂದ. ಹೊತ್ತಿಲ್ಲದವರ ಕೈಗೆ ಒಗ್ಗುವಂತೆಯೇ ಅದರ ಹೊಲಿಗೆ ರೂಪುಗೊಂಡಿದೆ ಎನ್ನುವುದನ್ನು ಸ್ವಲ್ಪ ಗಮನಿಸಬೇಕು.

ಕೌದಿಯ ಕೆಲಸ ಹೀಗೆ. ಉಟ್ಟು ಮೆತ್ತಗಾದ ಹತ್ತಿ ಸೀರೆಗಳನ್ನು ಒಗೆದು ಒಣಗಿಸಿ, ಮೂರೋ ನಾಲ್ಕೋ ಪದರವಾಗಿ ನೆಲದ ಮೇಲೆ ಹಾಸಬೇಕು. ಸುಕ್ಕಿಲ್ಲದಂತೆ ಎಳೆದು, ಅಂಚಿನ ಮೇಲೆ ಕಲ್ಲಿಟ್ಟು, ಅಲ್ಲಲ್ಲಿ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿದರೆ ಪದರಗಳು ಜಾರುವುದಿಲ್ಲ. ಮೇಲೆ ಬಣ್ಣದ ಚೂರುಗಳನ್ನು ಹಚ್ಚುವುದು ಅವರವರ ಇಷ್ಟ. ಆಮೇಲೆ ಉಳಿದದ್ದೆಲ್ಲ ಒಂದೇ ಕೆಲಸ: ಸೂಜಿ ಕೆಳಗೆ, ಸೂಜಿ ಮೇಲೆ, ಸಾಲಿನ ಪಕ್ಕ ಸಾಲು. ಕಸೂತಿಯ ಹಾಗೆ ಎಳೆ ಎಣಿಸಬೇಕಿಲ್ಲ, ಎಣಿಕೆ ತಪ್ಪಿದರೆ ಬಿಚ್ಚಬೇಕಿಲ್ಲ. ಹಾಲು ಉಕ್ಕಿತೆಂದು ಎದ್ದು ಹೋದವಳು ಮರಳಿ ಬಂದು ಬಿಟ್ಟಲ್ಲಿಂದಲೇ ಹಿಡಿಯಬಹುದು. ಎದ್ದವಳ ಜಾಗದಲ್ಲಿ ನೆರೆಯವಳು ಕುಳಿತರೂ ಸಾಗುತ್ತದೆ. ಎರಡು ಕೈಯ ಹೊಲಿಗೆ ಬೆರೆತರೆ ಕೌದಿಗೆ ಕುಂದಿಲ್ಲ.

ಇದಕ್ಕೆ ಎಷ್ಟು ಹೊತ್ತು ಬೇಕು? ಲೆಕ್ಕ ಹಾಕಿ ನೋಡಬಹುದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿ. ಅರ್ಧ ಇಂಚಿಗೊಂದು ಸಾಲು ಎಂದರೆ 96 ಸಾಲು. ಇಂಚಿಗೆ ನಾಲ್ಕು ಹೊಲಿಗೆಯಾದರೆ ಒಟ್ಟು 27,648 ಹೊಲಿಗೆ. ಪಳಗಿದ ಕೈಗೆ ಒಂದು ಸಾಲಿಗೆ 12 ನಿಮಿಷ ಎಂದು ಹಿಡಿದರೆ 19 ಗಂಟೆ ಚಿಲ್ಲರೆ. ಪೂರಾ ದಿನ ಕೂತರೆ ಎರಡು ಮೂರು ದಿನದ ಕೆಲಸ. ದಿನಕ್ಕೆ ಅರ್ಧ ಗಂಟೆಯಾದರೆ 39 ದಿನ. ಶಿವರಾತ್ರಿಯ ಮರುದಿನ ಹಿಡಿದ ಸೂಜಿಯನ್ನು ರಾಮನವಮಿಯ ಹೊತ್ತಿಗೆ ಕೆಳಗಿಡಬಹುದು. ಬೇಸಾಯದ ಕೆಲಸ ಸಡಿಲವಾಗುವ, ಬಟ್ಟೆ ಬೇಗ ಒಣಗುವ ಕಾಲವೂ ಅದೇ. ಮಲೆನಾಡಿಗೂ ಬಯಲುಸೀಮೆಗೂ ನಡುವೆ ಇರುವ ತರೀಕೆರೆಯಂಥ ಊರಿನಲ್ಲಿ ಮಳೆ ಹಿಡಿಯುವುದರೊಳಗೆ ಹೊದಿಕೆ ಸಿದ್ಧವಾಗಬೇಕು.

ಅಂದರೆ ಕೊರತೆ ಇರುವುದು ಗಂಟೆಗಳದ್ದಲ್ಲ, ಕೈಗೆ ಸಿಗುವ ಅರ್ಧ ಗಂಟೆಯದ್ದು. 2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು 88 ನಿಮಿಷ. ಮಾಡದೇ ಇರುವ ಗಂಡಸರು ಈ ಸರಾಸರಿಯೊಳಗೆ ಬಂದೇ ಇಲ್ಲ ಎಂಬುದನ್ನೂ ಮರೆಯಬಾರದು. 2019ರ ಸಮೀಕ್ಷೆಯಲ್ಲಿ ಹೆಂಗಸರ ಲೆಕ್ಕ 299 ನಿಮಿಷ ಇತ್ತು. ಐದು ವರ್ಷದಲ್ಲಿ ಉಳಿದದ್ದು ಹತ್ತು ನಿಮಿಷ, ಕೌದಿಯ ಒಂದು ಸಾಲಿಗೂ ಸಾಲದು.

ಹೊಲಿಗೆ ಯಂತ್ರ ಬಂದಾಗ ಹೆಂಗಸರ ಹೊತ್ತು ಉಳಿಯಿತೆಂದು ಜಗತ್ತೆಲ್ಲ ಸಂಭ್ರಮಿಸಿತು. 1860ರ ದಶಕದಲ್ಲಿ ಅಮೆರಿಕದಲ್ಲಿ ಹಾಕಿದ ಲೆಕ್ಕದಂತೆ, ಕೈಯಲ್ಲಿ ಹೊಲಿದರೆ ಸುಮಾರು 14 ಗಂಟೆ ಹಿಡಿಯುತ್ತಿದ್ದ ಗಂಡಸರ ಅಂಗಿ ಯಂತ್ರದಲ್ಲಿ ಒಂದೂಕಾಲು ಗಂಟೆಗೆ ಮುಗಿಯುತ್ತಿತ್ತು. ಯಂತ್ರಗಳನ್ನು ಅಷ್ಟಾಗಿ ಮೆಚ್ಚದ ಗಾಂಧೀಜಿಯೂ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ರಿಯಾಯಿತಿ ತೋರಿಸಿದರು; ಹೆಂಡತಿ ಕೈಹೊಲಿಗೆಯಲ್ಲಿ ಬೇಯುವುದನ್ನು ನೋಡಲಾರದೆ ಸಿಂಗರ್ ಅದನ್ನು ರೂಪಿಸಿದನೆಂದು ಅವರು ನಂಬಿದ್ದರು. ಎಲಿಯಾಸ್ ಹೋವ್ ಎಂಬಾತ ಸಿಂಗರನಿಗಿಂತ ಐದು ವರ್ಷ ಮೊದಲೇ, 1846ರಲ್ಲಿ, ಪೇಟೆಂಟ್ ಪಡೆದಿದ್ದ. ಐಸಾಕ್ ಸಿಂಗರ್ ಅಂಥ ಆದರ್ಶ ಪತಿಯೂ ಆಗಿರಲಿಲ್ಲ, ಅದು ಬೇರೆ ಮಾತು.

ಯಂತ್ರ ಉಳಿಸಿದ ಹೊತ್ತು ಹೊಲಿಯುವವಳಿಗೇ ಉಳಿಯಿತೇ? ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅದಕ್ಕೆ ಉತ್ತರ ಸಿಗುತ್ತದೆ. ಅಲ್ಲಿ ಒಬ್ಬಳು ಕಾಲರನ್ನೇ, ಇನ್ನೊಬ್ಬಳು ತೋಳನ್ನೇ ದಿನವಿಡೀ ಹೊಲಿಯುತ್ತಾಳೆ. ಗಂಟೆಗಿಷ್ಟು ಎಂಬ ಗುರಿ ಬೆನ್ನಿಗಿರುತ್ತದೆ. ಹಗಲೆಲ್ಲ ಹೊಲಿದವಳಿಗೆ ತಾನೇ ಪೂರ್ತಿ ಹೊಲಿದ ಒಂದು ಬಟ್ಟೆ ನೋಡಲು ಸಿಗುವುದಿಲ್ಲ. ಸಂಜೆ ಮನೆಗೆ ಬಂದು ಮತ್ತೆ ಸೂಜಿ ಹಿಡಿಯುವ ಮನಸ್ಸು ಅವಳಿಗೆ ಬರದಿದ್ದರೆ ಆಶ್ಚರ್ಯವಿಲ್ಲ. ಬಂದರೆ ಅದರ ಅರ್ಥ ಬೇರೆಯೇ. ಇನ್ನು ಕೌದಿಯ ಮಟ್ಟಿಗೆ ಮನೆಯ ಹೊಲಿಗೆ ಮಿಷನ್ನು ಅಷ್ಟಾಗಿ ಸಹಾಯಕ್ಕೆ ಬರುವುದೂ ಇಲ್ಲ. ನಾಲ್ಕೈದು ಪದರ ಸೇರಿದರೆ ಸೂಜಿ ಮುರಿಯುತ್ತದೆ, ಮಿಷನ್ನಿನ ತೋಳಿನೊಳಗೆ ಸುತ್ತಿದ ಕೌದಿ ಹಿಡಿಸುವುದಿಲ್ಲ.

ಹೊತ್ತಿನ ಜೊತೆಗೆ ಬಟ್ಟೆಯೂ ಕೈಕೊಟ್ಟಿದೆ. ನೈಲಾನ್, ಪಾಲಿಯೆಸ್ಟರ್ ಸೀರೆಗಳು ಬಂದ ಮೇಲೆ ಮೆತ್ತಗಾಗುವ ಹಳೆಬಟ್ಟೆ ಮನೆಯಲ್ಲಿ ಕಡಿಮೆಯಾಯಿತು. ಅವು ಪದರದಲ್ಲಿ ಜಾರುತ್ತವೆ, ಬೆವರು ಹೀರುವುದಿಲ್ಲ. ಜೊತೆಗೆ ಅಗ್ಗದ ರಗ್ಗು, ಬ್ಲಾಂಕೆಟ್ಟುಗಳು ಸಂತೆಯಲ್ಲೇ ಸಿಗುತ್ತವೆ. ಊರ ಹೊರಗೆ ಬಿಡಾರ ಹೂಡಿ, ಹಳೆ ಸೀರೆ ತೆಗೆದುಕೊಂಡು ಕೂಲಿಗೆ ಕೌದಿ ಹೊಲಿದು ಕೊಡುತ್ತಿದ್ದ ಅಲೆಮಾರಿ ಕುಟುಂಬಗಳ ಹೆಂಗಸರಿಗೂ ಗಿರಾಕಿ ಕಡಿಮೆಯಾಗಿದ್ದಾರೆ. ಕನ್ನಡದ ಹಳೆಯ ಮಾತು ‘ಬೊಂತೆ’. ಸಂಸ್ಕೃತದ ‘ಕಂಥಾ’ದಿಂದ ಬಂದದ್ದು ‘ಕಂತೆ’. ಬಂಗಾಳದ ಹೆಸರಾಂತ ಕಾಂಥಾ ಹೊಲಿಗೆಯೂ ಇದೇ ಮಾತಿನ ಬಳಗ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆ ಉಳಿದಿದೆ, ಎರಡೂ ಹೊದಿಕೆಯ ಹೆಸರೆಂಬುದು ಮರೆತುಹೋಗಿದೆ.

ತರೀಕೆರೆ, ಕಡೂರು, ಅಜ್ಜಂಪುರದ ಸೀಮೆಯಲ್ಲಿ ಲಂಬಾಣಿ ತಾಂಡಾಗಳಿವೆ. ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ ಕೂಡಿಸಿ ಹೊಲಿಯುವ ಅವರ ಕಸೂತಿ ಬಿಡುವಿದ್ದವರ ಹವ್ಯಾಸವಾಗಿರಲಿಲ್ಲ. ಕೂಲಿ, ಸೌದೆ, ದನಗಳ ನಡುವೆಯೇ ನಡೆದದ್ದು. ಕರ್ನಾಟಕದ ತಾಂಡಾಗಳಿಂದ ಕಾಫಿ ಕೊಯ್ಲಿಗೆ, ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳಲ್ಲಿ ಈಗ ಆ ಉಡುಪು ಬಹುಮಟ್ಟಿಗೆ ಮುದುಕಿಯರ ಮೈಮೇಲೆ, ಹಬ್ಬದ ದಿನ ಮಾತ್ರ. ಬಳ್ಳಾರಿ ಸೀಮೆಯ ಸಂಡೂರಿನಲ್ಲಿ ಮಾತ್ರ ಬೇರೆ ದಾರಿ ತೆರೆಯಿತು. ಅಲ್ಲಿನ ಕುಶಲ ಕಲಾ ಕೇಂದ್ರ ಈ ಕಸೂತಿಯನ್ನು ಕೂಲಿಯ ಕೆಲಸವಾಗಿಸಿತು, ಅದಕ್ಕೆ ಭೌಗೋಳಿಕ ಸೂಚಿಯೂ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹೊಲಿಗೆಗೆ ಹೊತ್ತು ಸಿಕ್ಕಿದ್ದು ಹೊಲಿಗೆಯೇ ದುಡಿಮೆಯಾದಾಗ. ಆದರೆ ಹಾಗೆ ಹೊಲಿದದ್ದು ಹೊಲಿದವಳ ಮನೆಯಲ್ಲಿ ಉಳಿಯುವುದಿಲ್ಲ.

ಕೆಲಸಕ್ಕೆ ಹೋಗುತ್ತಲೇ ಮನೆಗಾಗಿ ಹೊಲಿಯುವವರು ಹಳೆಯ ಪದ್ಧತಿಯನ್ನು ಸ್ವಲ್ಪ ಮುರಿದು ಕಟ್ಟಿಕೊಂಡಿದ್ದಾರೆ. ನೆಲದ ತುಂಬ ಹಾಸುವ ಬದಲು ಒಂದೊಂದು ಅಡಿಯ ಚೌಕಗಳನ್ನು ಪದರ ಸಮೇತ ಬೇರೆ ಬೇರೆ ಹೊಲಿದು ಕೊನೆಗೆ ಜೋಡಿಸುವುದು ಒಂದು ಬಗೆ. ಚೌಕ ಊಟದ ಡಬ್ಬಿಯ ಚೀಲದಲ್ಲಿ ಹಿಡಿಸುತ್ತದೆ, ರೈಲಿನಲ್ಲಿ ಕೂರಲು ಜಾಗ ಸಿಕ್ಕಿದರೆ ಅಲ್ಲೂ ನಾಲ್ಕು ಸಾಲು ಆಗುತ್ತದೆ. ಬಸ್ಸಿನಲ್ಲಿ ಆಗದು, ನಮ್ಮ ರಸ್ತೆಗಳಲ್ಲಿ ಸೂಜಿ ಬಟ್ಟೆಯ ಬದಲು ಬೆರಳನ್ನೇ ಹೊಲಿದೀತು. ಅಳೆಯುವುದು, ಕತ್ತರಿಸುವುದು, ಬಣ್ಣ ಹೊಂದಿಸುವುದು ಭಾನುವಾರಕ್ಕೆ. ಹತ್ತು ಸೂಜಿಗಳಿಗೆ ಆಗಲೇ ದಾರ ಪೋಣಿಸಿಟ್ಟರೆ ರಾತ್ರಿಯ ದಣಿದ ಕಣ್ಣಿಗೆ ಆ ಕಾಟವಿಲ್ಲ. ಹೊಲಿಗೆಯನ್ನು ಮಡಿಸಿ ಬೀರುವಿನಲ್ಲಿಟ್ಟರೆ ತೆಗೆಯುವಷ್ಟರಲ್ಲೇ ಅರ್ಧ ಗಂಟೆ ಮುಗಿದಿರುತ್ತದೆ, ಆದ್ದರಿಂದ ಅದು ಕಣ್ಣೆದುರಿಗೇ ಇರಬೇಕು. ಟಿ.ವಿ. ಧಾರಾವಾಹಿಗೆ ಕಣ್ಣು ಬೇಕಿಲ್ಲ, ಕಿವಿ ಸಾಕು ಎಂಬುದೂ ಹಲವರು ಕಂಡುಕೊಂಡ ಸತ್ಯ.

ಚೌಕಗಳಿಂದ ಕಳೆದುಹೋಗುವುದೂ ಉಂಟು. ದೊಡ್ಡ ಕೌದಿಯ ನಾಲ್ಕು ಅಂಚಿಗೆ ನಾಲ್ವರು ಕೂರುತ್ತಿದ್ದರು. ಮಧ್ಯಾಹ್ನದ ಜಗಲಿಯಲ್ಲಿ ಹೊಲಿಗೆಯ ಜೊತೆಗೇ ಸೊಸೆಯಂದಿರ ಕಷ್ಟ, ಬಸುರಿ ಬಾಣಂತಿಯರ ಸಂಗತಿ, ಬೀಗರ ಮಾತು ಎಲ್ಲ ಸಾಗುತ್ತಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಸಿದ್ದಿ ಹೆಂಗಸರ ಕೌದಿಯಲ್ಲಿ ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ಮಾಡಿದ ಚಿಕ್ಕ ತ್ರಿಕೋನ ‘ಫೂಲ’ ಇರಲೇಬೇಕು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಎಷ್ಟೇ ಅವಸರವಿದ್ದರೂ ಆ ನಾಲ್ಕು ಮೂಲೆಗಳಿಗೆ ಅವರು ಹೊತ್ತು ಕೊಡುತ್ತಾರೆ.