ಎಂಪಿಎಚ್ ಪ್ರಬಂಧ ಸರ್ವೆಗೂ ಮೊದಲೇ ಶುರುವಾಗಬೇಕು

ಸಾರ್ವಜನಿಕ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ ಓದುವವರಿಗೆ ಸೀನಿಯರ್‌ಗಳು ಹೇಳಿಕೊಡುವ ಕ್ರಮ ಸಾಮಾನ್ಯವಾಗಿ ಒಂದೇ: ವಿಷಯ ಆರಿಸು, ಪ್ರಶ್ನಾವಳಿ ಮಾಡು, ಹಳ್ಳಿಗೆ ಹೋಗಿ ಡೇಟಾ ತಾ, ಸ್ಟ್ಯಾಟಿಸ್ಟಿಕ್ಸ್ ಬಲ್ಲವರ ಕೈಗೆ ಕೊಡು, ಕೊನೆಯ ತಿಂಗಳು ಕೂತು ಬರೆದು ಮುಗಿಸು. ಬರವಣಿಗೆ ಎಲ್ಲ ಆದ ಮೇಲಿನ ಕೆಲಸ ಎಂಬ ಈ ನಂಬಿಕೆಯಷ್ಟು ಡಿಸರ್ಟೇಶನ್‌ಗಳನ್ನು ಕೆಡಿಸಿದ್ದು ಬೇರೊಂದಿಲ್ಲ.

ಒಂದು ಉದಾಹರಣೆ ಹಿಡಿದೇ ನೋಡೋಣ. ‘ಗರ್ಭಿಣಿಯರಲ್ಲಿ ರಕ್ತಹೀನತೆ’ ಎಂದು ಹೆಸರಿಟ್ಟುಕೊಂಡು ಹೊರಡುವವರು ಬಹಳ. ಅದು ವಿಷಯ, ಪ್ರಶ್ನೆಯಲ್ಲ. ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಆಗಲೇ ಹೇಳಿದೆ. ಅದನ್ನೇ ಒಂದು ತಾಲ್ಲೂಕಿನಲ್ಲಿ ಮತ್ತೆ ಎಣಿಸಿದರೆ ಹೊಸದಾಗಿ ತಿಳಿಯುವುದು ಕಡಿಮೆ. ಅದರ ಬದಲು ಹೀಗೆ ಕೇಳಿಕೊಳ್ಳಿ: ಕಳೆದ ಆರು ತಿಂಗಳಲ್ಲಿ ಹೆರಿಗೆಯಾದ ಈ ತಾಲ್ಲೂಕಿನ ತಾಯಂದಿರಲ್ಲಿ ಕಬ್ಬಿಣಾಂಶದ 180 ಮಾತ್ರೆಗಳನ್ನು ಪೂರ್ತಿ ನುಂಗಿದವರೆಷ್ಟು? ನಡುವೆ ಬಿಟ್ಟವರು ಯಾವ ತಿಂಗಳಲ್ಲಿ ಬಿಟ್ಟರು, ಯಾಕೆ?

ಪ್ರಶ್ನೆ ಇಷ್ಟು ಬಿಗಿಯಾದ ಮೇಲೆ ಹಳ್ಳಿಗೆ ಹೊರಡುವ ಮುಂಚೆ ಖಾಲಿ ಕೋಷ್ಟಕ ಬರೆಯಿರಿ. ಅಡ್ಡಸಾಲುಗಳಲ್ಲಿ ತಾಯಿಯ ವಯಸ್ಸು, ಎಷ್ಟನೇ ಹೆರಿಗೆ, ಯಾವ ತಿಂಗಳಲ್ಲಿ ಹೆಸರು ನೋಂದಾಯಿಸಿದರು, ಮಾತ್ರೆ ಮನೆಗೆ ತಲುಪಿಸಿದವರು ಯಾರು. ಮೇಲೆ ‘ಪೂರ್ತಿ’, ‘ಅಪೂರ್ಣ’ ಎಂಬ ಎರಡು ಕಂಬಸಾಲು. ಅಂಕಿ ಒಂದೂ ಇಲ್ಲ. ಆದರೂ ಕೋಷ್ಟಕ ಬರೆಯುತ್ತಿದ್ದಂತೆ ಪ್ರಶ್ನಾವಳಿಯ ತೂತುಗಳು ಕಾಣತೊಡಗುತ್ತವೆ. ‘ಮಾತ್ರೆ ಸಿಕ್ಕಿತೇ?’ ಎಂದು ಕೇಳಿದ್ದೀರಿ, ‘ನುಂಗಿದಿರಾ?’ ಎಂದು ಕೇಳಿಯೇ ಇಲ್ಲ. ತಾಯಿ ಕಾರ್ಡ್‌ನಲ್ಲಿ ಇಷ್ಟು ಮಾತ್ರೆ ಕೊಟ್ಟೆವು ಎಂದು ಬರೆದಿದ್ದರೆ ಅದು ಕೊಟ್ಟದ್ದರ ಲೆಕ್ಕ, ಹೊಟ್ಟೆಗೆ ಹೋದದ್ದರದ್ದಲ್ಲ. ಇನ್ನೊಂದು ಕಡೆ, ಯಾವ ಕೋಷ್ಟಕದಲ್ಲೂ ಜಾಗವಿಲ್ಲದ ಪ್ರಶ್ನೆಗಳು ಪ್ರಶ್ನಾವಳಿಯ ತುಂಬ ಕೂತಿರುತ್ತವೆ. ಅವನ್ನು ಕಿತ್ತುಹಾಕಿ. ಎಳೆಗೂಸನ್ನು ಮಡಿಲಲ್ಲಿಟ್ಟುಕೊಂಡು ಉತ್ತರ ಕೊಡುವ ಬಾಣಂತಿಯ ಹೊತ್ತನ್ನು ನಮಗೆ ಬೇಡದ ಮಾಹಿತಿಗಾಗಿ ತೆಗೆದುಕೊಳ್ಳುವ ಹಕ್ಕು ಯಾವ ಪದವಿಯೂ ಕೊಡುವುದಿಲ್ಲ.

‘ಸ್ಯಾಂಪಲ್ ಅಂದರೆ 384, ಇಲ್ಲವೇ 400’ ಎಂಬ ಮಾತೂ ಹಾಗೇ ಕೈದಾಟಿ ಬಂದದ್ದು. ಸಮಸ್ಯೆ ಶೇ. 50ರಷ್ಟು ಮಂದಿಯಲ್ಲಿದೆ ಎಂದು ಊಹಿಸಿ, ಶೇ. 5 ಅಂಶದಷ್ಟು ಆಚೀಚೆಯಾದರೂ ಸರಿ ಎಂದುಕೊಂಡಾಗ ಮಾತ್ರ 384 ಬರುತ್ತದೆ. ನಮ್ಮ ಮಾತ್ರೆಯ ಪ್ರಶ್ನೆಗೆ ಆ ಊಹೆ ಬೇಕಿಲ್ಲ. 180 ದಿನ ಅಥವಾ ಹೆಚ್ಚು ಮಾತ್ರೆ ತೆಗೆದುಕೊಂಡವರು ದೇಶದಲ್ಲಿ ಶೇ. 26 ಎಂದು ಅದೇ ಸಮೀಕ್ಷೆ ಹೇಳುತ್ತದೆ. ಅದನ್ನಿಟ್ಟು ಲೆಕ್ಕ ಹಾಕಿದರೆ 296 ಸಾಕು. ಆದರೆ ತಾಯಂದಿರನ್ನು ಒಬ್ಬೊಬ್ಬರಾಗಿ ಆರಿಸದೆ ಮೊದಲು ಕೆಲವು ಊರುಗಳನ್ನು ಆರಿಸಿ, ಆ ಊರುಗಳಲ್ಲಿ ಮಾತ್ರ ಹುಡುಕಿದರೆ, ಒಂದೇ ಊರಿನವರ ಉತ್ತರಗಳು ಒಂದನ್ನೊಂದು ಹೋಲುತ್ತವೆ. ಆಗ ಡಿಸೈನ್ ಎಫೆಕ್ಟ್ ಎರಡು ಎಂದು ಹಿಡಿದರೆ 592 ಬೇಕು. ಸಂಖ್ಯೆ ಹುಟ್ಟುವುದು ಪ್ರಶ್ನೆಯಿಂದ, ಆಯ್ಕೆಯ ವಿಧಾನದಿಂದ. ವೈವಾದಲ್ಲಿ ಪರೀಕ್ಷಕರು ಕೇಳುವುದೂ ಅದನ್ನೇ.

ಸ್ವಂತ ಸರ್ವೆ ಇಲ್ಲದಿದ್ದರೆ ಅದು ಸಂಶೋಧನೆಯೇ ಅಲ್ಲ ಎನ್ನುವವರಿದ್ದಾರೆ. ಇದು ಸರಿಯಲ್ಲ. ಐದನೇ ಸಮೀಕ್ಷೆ 707 ಜಿಲ್ಲೆಗಳ 7,24,115 ಮಹಿಳೆಯರನ್ನು ಮಾತಾಡಿಸಿದೆ. ಹೆಸರು-ವಿಳಾಸ ತೆಗೆದ ಆ ಡೇಟಾ ನೋಂದಾಯಿಸಿಕೊಂಡು ಕೇಳುವ ಸಂಶೋಧಕರಿಗೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಳ್ಳೆಯ ಪ್ರಶ್ನೆ ಹುಡುಕಿ, ಸ್ಯಾಂಪ್ಲಿಂಗ್ ತೂಕಗಳನ್ನು ಮರೆಯದೆ ಬಳಸಿ ಉತ್ತರಿಸುವುದು ಅವಸರದ ನೂರು ಸಂದರ್ಶನಗಳಿಗಿಂತ ಎಷ್ಟೋ ಮೇಲು. ಆದರೆ ಇಂಥ ಅಧ್ಯಯನಕ್ಕೂ ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕಲೇಬೇಕು. ಪೂರ್ಣ ಪರಿಶೀಲನೆಯಿಂದ ವಿನಾಯಿತಿ ಕೊಡುವುದು ಕಮಿಟಿಯ ಕೆಲಸ, ವಿದ್ಯಾರ್ಥಿಯದ್ದಲ್ಲ. ಡೇಟಾ ತಂದ ಮೇಲೆ ಹಿಂದಿನ ತಾರೀಖಿಗೆ ಒಪ್ಪಿಗೆ ಪಡೆಯುವ ದಾರಿಯಂತೂ ಇಲ್ಲವೇ ಇಲ್ಲ.

ಇನ್ನು ಪಿ ವ್ಯಾಲ್ಯೂ. 0.05ಕ್ಕಿಂತ ಕಡಿಮೆ ಬರದಿದ್ದರೆ ಪ್ರಬಂಧ ಬಿತ್ತು ಎಂದು ಎಷ್ಟೋ ವಿದ್ಯಾರ್ಥಿಗಳು ಊಟ-ನಿದ್ದೆ ಬಿಡುತ್ತಾರೆ. ಈ ಗೆರೆಯನ್ನು ಬಳಕೆಗೆ ತಂದದ್ದು ರೊನಾಲ್ಡ್ ಫಿಶರ್ 1925ರಲ್ಲಿ ಬರೆದ ಪುಸ್ತಕ. ಲೆಕ್ಕಕ್ಕೆ ಅನುಕೂಲವೆಂದು ಆರಿಸಿದ ಗೆರೆ ಅದು, ಪ್ರಕೃತಿಯ ನಿಯಮವಲ್ಲ. ಈ ಒಂದು ಗೆರೆಯ ಮೇಲೆಯೇ ತೀರ್ಮಾನ ಮಾಡಬೇಡಿ ಎಂದು ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಹೇಳಿಕೆಯನ್ನೇ ಹೊರಡಿಸಿತು. ಭಯದಲ್ಲಿ ಸಿಕ್ಕಸಿಕ್ಕದ್ದಕ್ಕೆಲ್ಲ ಕೈ-ಸ್ಕ್ವೇರ್ ಹಾಕುತ್ತಾ ಹೋದರೆ ಏನಾಗುತ್ತದೆ? ನಿಜವಾದ ಸಂಬಂಧ ಒಂದೂ ಇಲ್ಲದಿದ್ದರೂ, ಒಂದಕ್ಕೊಂದು ತಳಕು ಹಾಕಿಕೊಳ್ಳದ ಇಪ್ಪತ್ತು ಪರೀಕ್ಷೆಗಳಲ್ಲಿ ಕನಿಷ್ಠ ಒಂದಾದರೂ ‘ಸಿಗ್ನಿಫಿಕೆಂಟ್’ ಆಗುವ ಸಾಧ್ಯತೆ ಶೇ. 64. ಅದನ್ನು ಹಿಡಿದು ಚರ್ಚೆಯ ಅಧ್ಯಾಯ ಬೆಳೆಸಿದರೆ ಕಾಕತಾಳೀಯಕ್ಕೆ ಕಾರಣ ಕಟ್ಟಿದಂತೆ. ವ್ಯತ್ಯಾಸ ಎಷ್ಟು, ಅದರ ಕಾನ್ಫಿಡೆನ್ಸ್ ಇಂಟರ್ವಲ್ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಬರೆಯಿರಿ. ಆಶಾ ಕಾರ್ಯಕರ್ತೆ ಮನೆಗೆ ಬಂದು ತಿಳಿಹೇಳಿದರೂ ಮಾತ್ರೆ ನುಂಗುವುದರಲ್ಲಿ ಹೇಳುವಷ್ಟು ವ್ಯತ್ಯಾಸವಾಗಲಿಲ್ಲ ಎಂದು ಸಾಕಷ್ಟು ದೊಡ್ಡ ಅಧ್ಯಯನದಲ್ಲಿ ತಿಳಿದುಬಂದರೆ, ಅದು ತಾಲ್ಲೂಕು ಆರೋಗ್ಯಾಧಿಕಾರಿಗೆ ತುಂಬ ಬೇಕಾದ ಸುದ್ದಿ.

ಸಿಗ್ನಿಫಿಕೆಂಟ್ ಬಂದಾಗಲೂ ಎಚ್ಚರ ಬೇಕು. ಒಂದೇ ಭೇಟಿಯಲ್ಲಿ ಎಲ್ಲವನ್ನೂ ಕೇಳಿ ಅಳೆಯುವ ಅಧ್ಯಯನದಲ್ಲಿ ‘ಹೆಚ್ಚು ಮಾತ್ರೆ ನುಂಗಿದವರಲ್ಲೇ ರಕ್ತಹೀನತೆ ಹೆಚ್ಚು’ ಎಂದು ಬರಬಹುದು. ಮಾತ್ರೆ ಕೆಟ್ಟದ್ದೇ? ಅಲ್ಲ. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದವರಿಗೆ ದಿನಕ್ಕೆ ಒಂದರ ಬದಲು ಎರಡು ಮಾತ್ರೆ ಕೊಡುವುದು ವಾಡಿಕೆ. ರಕ್ತ ಕಡಿಮೆ ಇದ್ದದ್ದರಿಂದಲೇ ಅವರಿಗೆ ಹೆಚ್ಚು ಮಾತ್ರೆ ಸಿಕ್ಕಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ಇಂಥ ಅಧ್ಯಯನ ಹೇಳಲಾರದು. ಈ ಮಾತನ್ನು ಮಿತಿಗಳ ಭಾಗದಲ್ಲಿ ಬಿಚ್ಚಿ ಬರೆದರೆ ಅಂಕ ಹೋಗುವುದಿಲ್ಲ. ವೀಕ್ಷಣಾ ಅಧ್ಯಯನಗಳ ವರದಿಗೆಂದೇ ಇರುವ ‘ಸ್ಟ್ರೋಬ್’ ಪಟ್ಟಿಯ 22 ಅಂಶಗಳಲ್ಲಿ ಮಿತಿಗಳೂ ಒಂದು.

ಮೊದಲ ಪುಟದಿಂದ ಕೊನೆಯ ಪುಟದವರೆಗೆ ಸಾಲಾಗಿ ಬರೆಯಬೇಕೆಂದೂ ಇಲ್ಲ. ವಿಧಾನದ ಅಧ್ಯಾಯ ಸಿನಾಪ್ಸಿಸ್‌ನಲ್ಲೇ ಮುಕ್ಕಾಲು ಸಿದ್ಧವಿರುತ್ತದೆ. ‘ಮಾಡಲಾಗುವುದು’ ಎಂದದ್ದನ್ನು, ನಿಜವಾಗಿ ನಡೆದದ್ದಕ್ಕೆ ತಕ್ಕಂತೆ, ‘ಮಾಡಲಾಯಿತು’ ಎಂದು ತಿದ್ದಿ. ಆಮೇಲೆ ಫಲಿತಾಂಶ, ಚರ್ಚೆ, ಪೀಠಿಕೆ. ಸಾರಾಂಶ ಎಲ್ಲಕ್ಕಿಂತ ಕೊನೆಗೆ.

ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ತೋರಿಸುವ ಹೋಲಿಕೆ ಶೇ. 10ರೊಳಗೆ ಇದ್ದರೆ ಯುಜಿಸಿಯ 2018ರ ನಿಯಮದ ಪ್ರಕಾರ ದಂಡವಿಲ್ಲ, ನಿಜ. ಆದರೆ ಸಾಫ್ಟ್‌ವೇರ್ ಹಿಡಿಯುವುದು ಪದಗಳನ್ನು. ಮತ್ತೊಬ್ಬರ ವಿಚಾರವನ್ನು ಪದ ಬದಲಿಸಿ, ಹೆಸರು ಹೇಳದೆ ಬರೆದರೆ ವರದಿ ಶುದ್ಧವಾಗಿಯೇ ಬರುತ್ತದೆ, ಕಳ್ಳತನವೂ ಉಳಿಯುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರನ್ನು ಕಾಡುವ ನಂಬಿಕೆ ಇನ್ನೊಂದು: ಭಾರೀ ಇಂಗ್ಲಿಷ್ ಇಲ್ಲದೆ ಒಳ್ಳೆಯ ಪ್ರಬಂಧವಾಗದು. ಚಿಕ್ಕ, ನೇರ ವಾಕ್ಯವೇ ವಿಜ್ಞಾನಕ್ಕೆ ಒಗ್ಗುವುದು. ಅವರ ಕೈಲಿ ಒಂದು ದೊಡ್ಡ ಬಲವೂ ಇದೆ. ಮಾತ್ರೆ ಬಿಟ್ಟ ತಾಯಂದಿರು ‘ವಾಂತಿ ಬರುತ್ತೆ’, ‘ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ ಅಂದ್ರು’ ಎಂದದ್ದು ಅವರಿಗೆ ನೇರವಾಗಿ ಕೇಳಿಸುತ್ತದೆ. ಪ್ರಬಂಧ ಒಪ್ಪಿಸಿದ ಮೇಲೆ ಅದರ ತಿರುಳನ್ನು ಒಂದು ಪುಟ ಕನ್ನಡದಲ್ಲಿ ಬರೆದು, ಸರ್ವೆ ಮಾಡಿದ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಲುಪಿಸಿ. ಮಾತ್ರೆ ಯಾವ ತಿಂಗಳಲ್ಲಿ ನಿಲ್ಲುತ್ತಿದೆ ಎಂದು ತಿಳಿದರೆ, ಮನೆಭೇಟಿಯನ್ನು ಆ ತಿಂಗಳಿಗೆ ಹೊಂದಿಸಿಕೊಳ್ಳಲು ಅಲ್ಲಿನ ಸಿಬ್ಬಂದಿಗೆ ಸಾಧ್ಯವಾಗುತ್ತದೆ.