ಹೆಸರು ಒಂದೇ, ತಳಿ ಬೇರೆ

2005ರ ಬೇಸಿಗೆಯಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದ ರೈತರು ಒಬ್ಬರ ಹಿಂದೊಬ್ಬರು ಆಸ್ಪತ್ರೆ ಸೇರತೊಡಗಿದರು. ವಿಪರೀತ ಜ್ವರ, ಕುಸಿಯುವ ರಕ್ತದೊತ್ತಡ, ಚರ್ಮದಡಿ ರಕ್ತದ ಕಲೆಗಳು. ಒಟ್ಟು 215 ಮಂದಿಗೆ ಕಾಯಿಲೆ ಬಂತು, 38 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಕಾಯಿಲೆಬಿದ್ದ ಇಲ್ಲವೇ ಸತ್ತ ಹಂದಿಯನ್ನು ಮನೆಯ ಹಿತ್ತಲಲ್ಲೇ ಕೊಯ್ದವರು, ಅದರ ಮಾಂಸ ಹಸನು ಮಾಡಿದವರು.

ಇದಕ್ಕೆ ಕಾರಣವಾದ ಸ್ಟ್ರೆಪ್ಟೊಕಾಕಸ್ ಸುಯಿಸ್ ಎಂಬ ಬ್ಯಾಕ್ಟೀರಿಯಾ ಅಪರೂಪದ್ದೇನಲ್ಲ. ಹಂದಿ ಸಾಕುವ ಬಹುತೇಕ ಎಲ್ಲ ದೇಶಗಳಲ್ಲೂ ಆರೋಗ್ಯವಂತ ಹಂದಿಗಳ ಮೂಗು, ಟಾನ್ಸಿಲ್‌ಗಳಲ್ಲಿ ಅದು ತಣ್ಣಗೆ ಬದುಕಿರುತ್ತದೆ. ಹೆರಿಗೆಯ ಹೊತ್ತಿಗೇ ತಾಯಿಯಿಂದ ಮರಿಗೆ ದಾಟುತ್ತದೆ. ಹಾಲು ಬಿಡಿಸಿದ ಮೇಲೆ, ತಾಯಿ ಕೊಟ್ಟ ರೋಗನಿರೋಧಕ ಶಕ್ತಿ ಇಳಿಯುವಾಗ, ಕೆಲವು ಮರಿಗಳ ರಕ್ತಕ್ಕೆ ನುಗ್ಗುತ್ತದೆ. ಕೀಲು ಊದುತ್ತದೆ. ಮಿದುಳಿನ ಪೊರೆಗೆ ಸೋಂಕು ತಗುಲಿದರೆ ಮರಿ ಅಡ್ಡಬಿದ್ದು ಕಾಲು ಬಡಿಯುತ್ತದೆ.

ಹಾಗಾದರೆ ಒಂದು ಹಟ್ಟಿಯಲ್ಲಿ ಸುಮ್ಮನಿರುವ ಜೀವಿ ಇನ್ನೊಂದರಲ್ಲಿ ಕೊಲ್ಲುವುದೇಕೆ? ಹಟ್ಟಿಯ ಇಕ್ಕಟ್ಟು, ಬೇರೆ ಸೋಂಕುಗಳು ಕಾರಣವಾಗಬಹುದು. ಆದರೆ ದೊಡ್ಡ ಪಾಲು ಉತ್ತರ ತಳಿಯಲ್ಲಿದೆ. ಬ್ಯಾಕ್ಟೀರಿಯಾದ ಮೈಮೇಲಿನ ಸಕ್ಕರೆ ಕವಚವನ್ನು ನೋಡಿ ಮೊದಲು 35 ಬಗೆಗಳನ್ನು ಗುರುತಿಸಿದ್ದರು. ಆಮೇಲೆ ಕೆಲವನ್ನು ಬೇರೆ ಪ್ರಭೇದಗಳೆಂದು ತೆಗೆದುಹಾಕಿದರು. ಮನುಷ್ಯರಿಗೆ ತಗಲುವುದು ಹೆಚ್ಚಾಗಿ 2ನೇ ಬಗೆ. ಕವಚ ಅದನ್ನು ರಕ್ತದ ಬಿಳಿಕಣಗಳಿಂದ ಕಾಪಾಡುತ್ತದೆ.

ಕವಚ ಒಂದನ್ನೇ ನಂಬಿದರೆ ಮೋಸ ಹೋಗುತ್ತೇವೆ. 2002ರಲ್ಲಿ 7 ಜೀನ್‌ಗಳನ್ನು ಹೋಲಿಸಿ ತಳಿ ಗುರುತಿಸುವ ಕ್ರಮ ಬಂತು. ಆಗ 2ನೇ ಬಗೆಯೊಳಗೇ ಹಲವು ಕವಲುಗಳು ಕಂಡವು. ಯುರೋಪ್ ಮತ್ತು ಏಷ್ಯಾದಲ್ಲಿ ಹೆಚ್ಚಾಗಿ ಸಿಗುವ ತಳಿ 1 ಉಗ್ರ. ಉತ್ತರ ಅಮೆರಿಕದಲ್ಲಿ ಹೆಚ್ಚಾಗಿರುವ 25 ಮತ್ತು 28 ಅಷ್ಟು ಉಗ್ರವಲ್ಲ. ಅಲ್ಲಿ ಮನುಷ್ಯರಿಗೆ ಈ ಕಾಯಿಲೆ ವಿರಳವಾಗಿರುವುದಕ್ಕೆ ಅದೂ ಒಂದು ಕಾರಣ. ಸಿಚುವಾನ್‌ನಲ್ಲಿ ಕಂಡದ್ದು ತಳಿ 7. ಆ 7 ಜೀನ್‌ಗಳಲ್ಲಿ ಒಂದು ಬಿಟ್ಟರೆ ಉಳಿದೆಲ್ಲ ತಳಿ 1ರದ್ದೇ! ಜೊತೆಗೆ ಸುಮಾರು 89 ಸಾವಿರ ಅಕ್ಷರಗಳಷ್ಟು ಉದ್ದದ ಡಿಎನ್‌ಎ ತುಂಡೊಂದನ್ನು ಅದು ಹೊರಗಿನಿಂದ ಪಡೆದುಕೊಂಡಿತ್ತು.

ಉಗ್ರತೆಯ ಜೀನ್ ಇದೇ ಎಂದು ಒಂದರ ಮೇಲೆ ಬೆರಳಿಡಲು ಬರುವುದಿಲ್ಲ. ಜೀವಕೋಶಕ್ಕೆ ರಂಧ್ರ ಕೊರೆಯುವ ಸುಯಿಲೈಸಿನ್ ಎಂಬ ಪ್ರೋಟೀನು ಉಗ್ರ ತಳಿಗಳಲ್ಲಿ ಸಾಮಾನ್ಯ. ಆದರೆ ಅದಿಲ್ಲದ ತಳಿಗಳೂ ಕಾಯಿಲೆಬಿದ್ದ ಹಂದಿಗಳಲ್ಲಿ ಸಿಕ್ಕಿವೆ. 2015ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವೊಂದರ ಫಲಿತಾಂಶ ನನಗೆ ಇಂದಿಗೂ ಬೆರಗು: ಕಾಯಿಲೆ ತರುವ ತಳಿಗಳ ಜೀನೋಮ್ ನಿರುಪದ್ರವಿಗಳದ್ದಕ್ಕಿಂತ ಚಿಕ್ಕದು. ಒಟ್ಟು ಜೀನ್‌ಗಳು ಕಡಿಮೆ, ರೋಗಕ್ಕೆ ನಂಟಿರುವವು ಮಾತ್ರ ಹೆಚ್ಚು.

ಈ ವೈವಿಧ್ಯದಿಂದಲೇ ಲಸಿಕೆ ಸೋಲುತ್ತಿದೆ. ಒಂದು ಬಗೆಗೆ ಮಾಡಿದ್ದು ಇನ್ನೊಂದನ್ನು ತಡೆಯುವುದಿಲ್ಲ. ಹಲವೆಡೆ ಆಯಾ ಹಟ್ಟಿಯ ಬ್ಯಾಕ್ಟೀರಿಯಾದಿಂದಲೇ ಲಸಿಕೆ ಮಾಡಿಸಿಕೊಳ್ಳುತ್ತಾರೆ. ಅದೂ ಪ್ರತಿಸಲ ಫಲ ಕೊಡದು.

ಹಂದಿಯ ಹಸಿ ರಕ್ತದ ತಿನಿಸು ಬಳಕೆಯಲ್ಲಿರುವ ವಿಯೆಟ್ನಾಂನಲ್ಲಿ ವಯಸ್ಕರಿಗೆ ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ಗೆ, ಅಂದರೆ ಮಿದುಳಿನ ಪೊರೆಯ ಸೋಂಕಿಗೆ, ಸ್ಟ್ರೆಪ್ಟೊಕಾಕಸ್ ಸುಯಿಸ್ ಒಂದು ಪ್ರಮುಖ ಕಾರಣ. ಬದುಕುಳಿದವರಲ್ಲಿ ಹಲವರಿಗೆ ಕಿವಿ ಶಾಶ್ವತವಾಗಿ ಮಂದವಾಗುತ್ತದೆ. ಮಾಂಸ ಚೆನ್ನಾಗಿ ಬೆಂದರೆ ಯಾವ ತಳಿಯೂ ಉಳಿಯದು. ಕೈಯಲ್ಲಿ ಗಾಯವಿದ್ದವರು ಗ್ಲೌಸ್ ಇಲ್ಲದೆ ಹಸಿ ಮಾಂಸ ಮುಟ್ಟಬಾರದು. ಹಂದಿಯ ಒಡನಾಟವಿದ್ದವರಿಗೆ ಜ್ವರದೊಡನೆ ಕುತ್ತಿಗೆ ಬಿಗಿದು ಕಿವಿ ಮಂದವಾದರೆ, ಆ ಒಡನಾಟದ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಬೇಕು.